ಅಪ್‌ಡೇಟ್: ಕೆನಡಾ ಫೈಲ್ ಎಲ್ಲಿ ನಿಂತಿತ್ತು ಅಂತ ಕೊನೆಗೂ ಗೊತ್ತಾಯ್ತು

ಯಜಮಾನರು ಟೊರೊಂಟೊದಲ್ಲಿ, ನಾನು ಹುಬ್ಬಳ್ಳಿಯಲ್ಲಿ. ಅಲ್ಲಿ ಕಾಯಂ ಆಗಿ ನೆಲೆಸೋಕೆ ಹಾಕಿದ ನನ್ನ ಪಿಆರ್ ಅರ್ಜಿ 14 ತಿಂಗಳಿಂದ ಅಲುಗಾಡುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ?

ಆರ್‌ಟಿಐ ಹಾಕಿ ಅಂದಿದ್ದರು ಒಬ್ಬರು. ಅದು ನಡೆಯಲ್ಲ. 2005ರ ಆ ಕಾಯ್ದೆ ನಮ್ಮ ಸರ್ಕಾರಗಳಿಗಷ್ಟೇ. ಕೆನಡಾ ವಲಸೆ ಇಲಾಖೆಯ ವೆಬ್‌ಫಾರ್ಮ್‌ನಲ್ಲಿ ಮೂರು ಸಲ ಬರೆದೆ, ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಅಂತಲೇ ಉತ್ತರ.

ಕೆಲಸಕ್ಕೆ ಬಂದಿದ್ದು ಕೆನಡಾದ್ದೇ ಮಾಹಿತಿ ಕಾನೂನು. ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿದೆ. ಯಜಮಾನರು ಅಲ್ಲಿಂದ 5 ಡಾಲರ್ ಕಟ್ಟಿ ನನ್ನ ಫೈಲಿನ ಜಿಸಿಎಂಎಸ್ ನೋಟ್ಸ್, ಅಂದ್ರೆ ಇಲಾಖೆಯ ಕಂಪ್ಯೂಟರ್‌ನಲ್ಲಿ ಅಧಿಕಾರಿಗಳು ಬರೆದಿಟ್ಟ ಟಿಪ್ಪಣಿ, ಕೇಳಿದರು. ಗಡುವು 30 ದಿನ, 26ನೇ ದಿನ ಪಿಡಿಎಫ್ ಬಂತು.

ಕೆಲವು ಸಾಲಿಗೆ ಕಪ್ಪು ಬಳಿದಿತ್ತು, ಉಳಿದದ್ದು ಬರೀ ಕೋಡು. ಓದುತ್ತಾ ಕೂತೆ, ಪಕ್ಕದಲ್ಲಿದ್ದ ಗಿರ್ಮಿಟ್ ಮೆತ್ತಗಾಗಿ ಹೋಯ್ತು. 31ನೇ ಪುಟದಲ್ಲಿ ಸಿಕ್ತು ನೋಡಿ: ಹೊಸ ಪೊಲೀಸ್ ಕ್ಲಿಯರೆನ್ಸ್ ಕಳಿಸಿ ಅಂತ ಇಲಾಖೆಯವರು ಎಂದೋ ಪತ್ರ ಬರೆದಿದ್ದರು! ಅದು ನಮ್ಮ ಏಜೆಂಟ್ ಇಮೇಲ್‌ಗೆ ಹೋಗಿ ಅಲ್ಲೇ ಮಲಗಿತ್ತು. ನಾನು ಸುಮ್ನೆ ಆ ಸರ್ಕಾರಕ್ಕೆ ಬೈದಿದ್ದೆ.

ಇಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ ಕಟ್ಟಿ ಸರ್ಟಿಫಿಕೇಟ್ ಮಾಡಿಸಿ, ಸೋಮವಾರ ಅಪ್‌ಲೋಡ್ ಮಾಡಿದೆವು. ಏಜೆಂಟನ್ನೂ ಬಿಟ್ಟೆವು.