ಪ್ರಶ್ನೋತ್ತರ: ಐದು ಸೆಂಟಿಮೀಟರ್ ಗಡ್ಡೆಗೆ ಗರ್ಭಕೋಶವನ್ನೇ ತೆಗೆಸಬೇಕೇ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 42 ವರ್ಷ, ಇಬ್ಬರು ಮಕ್ಕಳು, ಎರಡೂ ಸಹಜ ಹೆರಿಗೆ. ಒಂದು ವರ್ಷದಿಂದ ಮುಟ್ಟು ಎಂಟು-ಒಂಬತ್ತು ದಿನ ಇರುತ್ತದೆ. ಮೊದಲ ಮೂರು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ಹೆಪ್ಪುಗಳೂ ಬೀಳುತ್ತವೆ. ಹಿಮೋಗ್ಲೋಬಿನ್ 7.8 ಇದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗೋಡೆಯೊಳಗೆ 5 ಸೆಂ.ಮೀ. ಗಡ್ಡೆ ಕಂಡಿದೆ. ಬಿಟ್ಟರೆ ಕ್ಯಾನ್ಸರ್ ಆಗಬಹುದು, ಗರ್ಭಕೋಶ ಮತ್ತು ಎರಡೂ ಅಂಡಾಶಯಗಳನ್ನು ತೆಗೆಸಿಬಿಡಿ ಎಂದು ವೈದ್ಯರೊಬ್ಬರು ಹೇಳಿದ್ದಾರೆ. "ಮಕ್ಕಳಾಗಿವೆಯಲ್ಲ, ಇನ್ನೇಕೆ ಇಟ್ಟುಕೊಂಡು ಒದ್ದಾಡುತ್ತೀಯ" ಎಂದು ಅತ್ತೆಯವರೂ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಕ್ಯಾನ್ಸರ್ ಭಯದ ಬಗ್ಗೆ ಹೇಳುತ್ತೇನೆ. ನಿಮಗಿರುವುದು ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಸಾಧು ಗಡ್ಡೆ. ಇದು ಕ್ಯಾನ್ಸರ್ ಆಗಿರುವುದು ಅತ್ಯಂತ ವಿರಳ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ. ಆ ಭಯವೊಂದನ್ನೇ ಮುಂದಿಟ್ಟು ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದು ಸರಿಯಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಸೂಚಿಸಬೇಕಾಯಿತು ಎಂದರೆ, ನಿಮ್ಮಂತಹ ಎಷ್ಟು ಹೆಣ್ಣುಮಕ್ಕಳು ಈ ಮಾತು ಕೇಳಿಸಿಕೊಂಡಿರಬೇಕು ಎಂದು ಯೋಚಿಸಿ.

ಆದರೆ ನಿಮ್ಮ ರಕ್ತಸ್ರಾವವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 7.8 ಹಿಮೋಗ್ಲೋಬಿನ್‌ನಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಸಹಜ. ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ಕೊಟ್ಟರೆ ಮಾತ್ರೆಗಿಂತ ಬೇಗ ಏರುತ್ತದೆ. ಮುಂದೆ ಯಾವ ಚಿಕಿತ್ಸೆ ಪಡೆದರೂ ಇದು ಆಗಲೇಬೇಕು. ನಲವತ್ತು ದಾಟಿರುವುದರಿಂದ ಗರ್ಭಕೋಶದ ಒಳಪದರದ ತುಣುಕು ತೆಗೆದು ಬಯಾಪ್ಸಿ ಮಾಡಿಸಿ. ಗರ್ಭಕೋಶದ ಕೊರಳಿನಿಂದ ಕೋಶಗಳನ್ನು ಸವರಿ ತೆಗೆದು ಕ್ಯಾನ್ಸರ್ ಸುಳಿವಿದೆಯೇ ಎಂದು ನೋಡುವ ಪ್ಯಾಪ್ ಪರೀಕ್ಷೆಯೂ ಆಗಲಿ. ಇವೆರಡೂ ಸರಿಯಿದ್ದರೆ ನಿಮಗೆ ಯೋಚಿಸಲು ಸಮಯವಿದೆ.

ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಸ್ರಾವವನ್ನು ಗಣನೀಯವಾಗಿ ತಗ್ಗಿಸುತ್ತದೆ, ಆದರೆ ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಸಲ್ಲದು. ಗಡ್ಡೆಯು ಗರ್ಭಕೋಶದ ಒಳಗಿನ ಜಾಗವನ್ನು ವಿಕಾರಗೊಳಿಸಿಲ್ಲವಾದರೆ, ಕಾಪರ್-ಟಿಯಂತೆಯೇ ಒಳಗಿಡುವ, ತಾಮ್ರದ ಬದಲು ಹಾರ್ಮೋನ್ ಬಿಡುಗಡೆ ಮಾಡುವ ಸಾಧನ ಅತ್ಯುತ್ತಮ ಆಯ್ಕೆ. ಮೊದಲ ಕೆಲವು ತಿಂಗಳು ಆಗಾಗ ಚುಕ್ಕೆ ಚುಕ್ಕೆಯಾಗಿ ರಕ್ತ ಕಾಣಬಹುದು, ಹೆದರಿ ತೆಗೆಸಬೇಡಿ.

ಇವುಗಳಿಂದ ಆರು ತಿಂಗಳಲ್ಲಿ ಹತೋಟಿಗೆ ಬಾರದಿದ್ದರೆ, ಅಥವಾ ನಿಮಗೇ ಸಾಕೆನಿಸಿದರೆ, ಗರ್ಭಕೋಶ ತೆಗೆಸುವುದು ತಪ್ಪಲ್ಲ. ಆ ನಿರ್ಧಾರ ಅತ್ತೆಯವರದಲ್ಲ, ನಿಮ್ಮದು. ಆದರೆ ಅಂಡಾಶಯಗಳನ್ನು ಮಾತ್ರ ಸುಮ್ಮನೆ ಬಿಟ್ಟುಕೊಡಬೇಡಿ. ಅವನ್ನೂ ತೆಗೆದರೆ ಮುಟ್ಟು ನಿಲ್ಲುವ ಸ್ಥಿತಿ ಒಮ್ಮೆಲೇ ಎದುರಾಗಿ, ಮೈ ಬಿಸಿಯೇರುವುದು, ನಿದ್ರಾಹೀನತೆ, ಮೂಳೆ ಸವೆತ ಆರಂಭವಾಗುತ್ತವೆ, ಹೃದ್ರೋಗದ ಸಾಧ್ಯತೆಯೂ ಹೆಚ್ಚುತ್ತದೆ. ಗರ್ಭಕೋಶದ ಜೊತೆಗೆ ಅಂಡನಾಳಗಳನ್ನು ಮಾತ್ರ ತೆಗೆಸಬಹುದು, ಅದರಿಂದ ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ತಗ್ಗುತ್ತದೆ.

ಮರುಪ್ರಶ್ನೆ: ಧನ್ಯವಾದಗಳು ಮೇಡಂ. ಒಂದು ವೇಳೆ ಆಪರೇಷನ್ ಆದರೆ ಹೊಟ್ಟೆ ಕೊಯ್ಯಲೇಬೇಕೇ? ನಾನು ನೀರು ಹೊರುವ, ಹೊಲದ ಕೆಲಸ ಮಾಡುವವಳು.

ಉತ್ತರ: ನಿಮಗೆ ಸಹಜ ಹೆರಿಗೆಗಳಾಗಿರುವುದರಿಂದ, ಹೊಟ್ಟೆಯ ಮೇಲೆ ಗಾಯವಿಲ್ಲದೆ ಯೋನಿಯ ಮೂಲಕವೇ ತೆಗೆಯುವ ಸಾಧ್ಯತೆ ಚೆನ್ನಾಗಿದೆ. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನಷ್ಟೇ ಮಾಡಿ ಕ್ಯಾಮೆರಾ ನೆರವಿನಿಂದ ನಡೆಸುವ ಲ್ಯಾಪರೋಸ್ಕೋಪಿಯೂ ಇದೆ. ಹೇಗೇ ಆದರೂ ಆರು ವಾರ ಕೊಡ ಎತ್ತಬೇಡಿ. ಒಳಗಿನ ಹೊಲಿಗೆ ಕೂಡಿಕೊಳ್ಳಲು ಅಷ್ಟು ಸಮಯ ಬೇಕು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ಗರ್ಭಕೋಶ ಜಾರಿ ಹೊರಗೆ ಬರುತ್ತಿದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವುದರಿಂದ ಆಪರೇಷನ್‌ಗೆ ಭಯ.

ಉತ್ತರ: ಪೆಸರಿ ಎಂಬ ಸಿಲಿಕೋನ್ ಬಳೆಯನ್ನು ಒಳಗಿಟ್ಟು ಗರ್ಭಕೋಶವನ್ನು ಮೇಲೆ ನಿಲ್ಲಿಸಬಹುದು. ಕೆಲವು ತಿಂಗಳಿಗೊಮ್ಮೆ ತೆಗೆದು, ತೊಳೆದು, ಹುಣ್ಣಾಗಿದೆಯೇ ಎಂದು ನೋಡಿಸಬೇಕು. ಮುಟ್ಟು ನಿಂತ ವರ್ಷಗಳ ನಂತರ ಅವರಿಗೆ ಸ್ವಲ್ಪವೇ ರಕ್ತ ಕಂಡರೂ ಜಾರಿದ್ದರಿಂದ ಉಜ್ಜಿರಬೇಕು ಎಂದುಕೊಳ್ಳದೆ ಅದೇ ವಾರ ಸ್ತ್ರೀರೋಗ ತಜ್ಞರಿಗೆ ತೋರಿಸಿ.