ಚೆಸ್ಟರ್‌ಫೀಲ್ಡ್ ಚರ್ಚಿನ ಶಿಖರ ತಿರುಚಿಕೊಂಡದ್ದು ಹೇಗೆ?

ಪ್ರಶ್ನೆ:
ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಚೆಸ್ಟರ್‌ಫೀಲ್ಡ್ ಪಟ್ಟಣದ ಪ್ಯಾರಿಷ್ ಚರ್ಚಿನ, ಅಂದರೆ ಸಂತ ಮೇರಿ ಮತ್ತು ಸಕಲ ಸಂತರ ಚರ್ಚಿನ ಚಿತ್ರಗಳನ್ನು ನೋಡಿದಾಗಿನಿಂದ ಒಂದು ಸಂದೇಹ ಉಳಿದಿದೆ. ನೆಲದಿಂದ 228 ಅಡಿ ಎತ್ತರಕ್ಕೇರುವ ಅದರ ಶಿಖರ ಸುಮಾರು 45 ಡಿಗ್ರಿಯಷ್ಟು ತಿರುಚಿಕೊಂಡಿದ್ದು, ತುದಿಯು ಇರಬೇಕಾದ ಸ್ಥಾನದಿಂದ 9 ಅಡಿ 6 ಅಂಗುಲ ಪಕ್ಕಕ್ಕೆ ವಾಲಿದೆ. ಮಹಾಮಾರಿ ಪ್ಲೇಗಿನಲ್ಲಿ ನುರಿತ ಬಡಗಿಗಳು ಸತ್ತುಹೋದದ್ದರಿಂದ ಹೀಗಾಯಿತೆಂಬ ವಿವರಣೆಯನ್ನು ಹಲವೆಡೆ ಓದಿದ್ದೇನೆ. ಅದೊಂದೇ ಕಾರಣ ಸಾಕೇ?

ಉತ್ತರ 1:
ಶಿಖರವನ್ನು ತಿರುಚಿಯೇ ಕಟ್ಟಿದ್ದಲ್ಲ. ಕಟ್ಟಿದ ಮೇಲೆ ಅದು ತಿರುಚಿಕೊಂಡಿತು. ಒಳಗಿನ ಚೌಕಟ್ಟು ಮರದ್ದು, ಹೊರಗಿನ ಹೊದಿಕೆ ಸೀಸದ್ದು, ಆ ಸೀಸದ ತೂಕವೇ ಸುಮಾರು 33 ಟನ್. ಹಸಿಮರವು ಒಣಗುತ್ತ ಹೋದಂತೆ ಉದ್ದದಲ್ಲಿ ಅಷ್ಟಾಗಿ ಕುಗ್ಗದೆ ಅಡ್ಡಕ್ಕೆ ಹೆಚ್ಚು ಕುಗ್ಗುತ್ತದೆ. ಆಗ ತೊಲೆಗಳ ಕೂಡುಗಳು ಸಡಿಲಗೊಳ್ಳುತ್ತವೆ. ಅವನ್ನು ಬಿಗಿಹಿಡಿಯಬೇಕಾದ ಓರೆ ಆಸರೆಗಳು ಈ ಚೌಕಟ್ಟಿನಲ್ಲಿ ಸಾಲದೇ ಇದ್ದುದರಿಂದ ಮೇಲಿನ ಭಾರಕ್ಕೆ ಅದು ಮಣಿಯಿತು. ಇದರ ಜೊತೆಗೆ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೀಸವು ಬಿಸಿಗೆ ಮರಕ್ಕಿಂತ ಬಹಳ ಹೆಚ್ಚು ಹಿಗ್ಗುವ ಲೋಹ. ದಕ್ಷಿಣದ ಮುಖ ದಿನವಿಡೀ ಕಾಯುತ್ತಿರುವಾಗ ಉತ್ತರದ ಮುಖ ನೆರಳಿನಲ್ಲೇ ಇರುತ್ತದೆ. ಈ ಏರುಪೇರು ಆರೂವರೆ ಶತಮಾನಗಳಿಂದ ನಡೆಯುತ್ತಿದೆ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಪ್ಲೇಗಿನ ವಾದವನ್ನು ಎಚ್ಚರಿಕೆಯಿಂದ ತೂಗಿ ನೋಡಬೇಕು. ಪ್ಲೇಗು ಇಂಗ್ಲೆಂಡಿಗೆ ಬಂದದ್ದು 1348ರಲ್ಲಿ, ಶಿಖರ ಎದ್ದದ್ದು ಸುಮಾರು 1362ರಲ್ಲಿ, ಕಾಲವೇನೋ ಹೊಂದುತ್ತದೆ. ಹಾಗೆಂದು ಹಸಿಮರ ಬಳಸಿದ್ದನ್ನೇ ಬಡಗಿಗಳ ಅಜ್ಞಾನಕ್ಕೆ ಸಾಕ್ಷಿಯೆಂದು ಹಿಡಿಯುವುದು ತಪ್ಪು. ಒಣಗಿದ ಓಕ್ ಮರ ಉಳಿಗೆ ಬಗ್ಗದಷ್ಟು ಗಡುಸಾಗುವುದರಿಂದ ಆ ಕಾಲದ ನುರಿತ ಬಡಗಿಗಳೂ ಹಸಿ ಓಕ್‌ನಲ್ಲೇ ಕೆಲಸ ಮಾಡುತ್ತಿದ್ದರು. ಅನುಭವದ ಕೊರತೆ ಎಲ್ಲಾದರೂ ಕಾಣುವುದಾದರೆ ಅದು ಓರೆ ಆಸರೆಗಳ ಕೊರತೆಯಲ್ಲಿ ಮಾತ್ರ. ಶಿಖರದ ಮೇಲೆ ಕುಳಿತಿದ್ದ ಸೈತಾನನು ಧೂಪದ ಹೊಗೆಗೆ ಸೀನಿದಾಗ ಅದು ತಿರುಚಿತೆಂಬ ಸ್ಥಳೀಯ ಕಥೆಯೂ ಇದೆ. ಕಾರಣ ತಿಳಿಯದ ಕಾಲದಲ್ಲೂ ಜನ ಈ ಶಿಖರವನ್ನು ಎಷ್ಟು ಗಮನವಿಟ್ಟು ನೋಡುತ್ತಿದ್ದರೆಂಬುದು ಅದರಿಂದ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೊದಿಕೆಯ ಸೀಸದ ಹಾಳೆಗಳು ಓರೆಯಾಗಿ ಕೂಡಿಕೊಂಡಿರುವುದರಿಂದ ತಿರುಚು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆಯೇ? ಶಿಖರದ ಕೆಳಗಿನ ಕಟ್ಟಡದ ಬಗ್ಗೆಯೂ ತಿಳಿದವರು ಬರೆದರೆ ಉಪಕಾರವಾಗುತ್ತದೆ.

ಉತ್ತರ 3:
ಹೌದು, ಹಾಳೆಗಳನ್ನು ಮೀನಿನ ಮುಳ್ಳಿನಂತೆ ಎರಡೂ ಕಡೆಗೆ ಓರೆಯಾಗಿ ಜೋಡಿಸಿರುವುದರಿಂದ ಎಂಟು ಮುಖಗಳೂ ನಡುವೆ ಗುಳಿಬಿದ್ದಂತೆ ತೋರುತ್ತವೆ, ಕಣ್ಣಿಗೆ ತಿರುಚು ಇನ್ನಷ್ಟು ಹೆಚ್ಚಾಗಿ ಕಾಣುತ್ತದೆ.

ಎಲ್ಲರೂ ಶಿಖರದಲ್ಲೇ ನಿಂತುಬಿಡುವುದರಿಂದ ಕೆಳಗಿನ ಕಟ್ಟಡಕ್ಕೆ ಅನ್ಯಾಯವಾಗಿದೆ ಎಂಬುದು ನನ್ನ ಅನಿಸಿಕೆ. ಡರ್ಬಿಶೈರ್‌ನ ಪ್ಯಾರಿಷ್ ಚರ್ಚುಗಳಲ್ಲೇ ದೊಡ್ಡದಾದ ಇದರ ತಲವಿನ್ಯಾಸ ಶಿಲುಬೆಯ ಆಕಾರದ್ದು. ನಾಲ್ಕು ತೋಳುಗಳು ಕೂಡುವೆಡೆಯಲ್ಲಿ ಗೋಪುರ ನಿಂತಿದೆ, ಅದರ ಮೇಲೆ ಶಿಖರ. ಕೆಲಸ ಮುಖ್ಯವಾಗಿ 13 ಮತ್ತು 14ನೆಯ ಶತಮಾನಗಳಲ್ಲಿ, ಅನೇಕ ದಶಕಗಳ ಕಾಲ, ನಡೆಯಿತು. ಫೋಲ್‌ಜಾಂಬ್ ಮನೆತನದವರ ಕೆತ್ತನೆಯ ಸಮಾಧಿಗಳು ಲೇಡಿ ಚಾಪೆಲ್‌ನಲ್ಲಿ, ಅಂದರೆ ಚರ್ಚಿನೊಳಗೆ ಮೇರಿಮಾತೆಗೆ ಮೀಸಲಾದ ಭಾಗದಲ್ಲಿವೆ. ನಾನಾದರೆ ಅವನ್ನೇ ಮೊದಲು ನೋಡುತ್ತಿದ್ದೆ. 1840ರ ದಶಕದಲ್ಲಿ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಇಲ್ಲಿ ಜೀರ್ಣೋದ್ಧಾರ ಮಾಡಿಸಿದ. 1961ರ ಡಿಸೆಂಬರ್‌ನಲ್ಲಿ ಉತ್ತರದ ತೋಳಿಗೆ ಬೆಂಕಿ ಬಿದ್ದು, ಜಾನ್ ಸ್ನೆಟ್ಜ್‌ಲರ್ 1756ರಲ್ಲಿ ನಿರ್ಮಿಸಿದ್ದ ಆರ್ಗನ್ ವಾದ್ಯ ಸುಟ್ಟುಹೋಯಿತು. ಒಳಗೆಲ್ಲ ಹಳೆಯ ಓಕ್ ತುಂಬಿರುವ ಶಿಖರಕ್ಕೆ ಆ ಬೆಂಕಿ ಹಬ್ಬಲಿಲ್ಲ.