ಕುಟುಂಬಗಳ ಆದಾಯದ ಲೆಕ್ಕ: ಸಂಖ್ಯಾಶಾಸ್ತ್ರಜ್ಞೆಯನ್ನು ಕೇಳಿ

ಹೊಸಬ: ಮೇಡಂ, ಕುಟುಂಬಗಳ ಆದಾಯಕ್ಕೆ ಯಾವ ಮಾದರಿ ಸರಿ? ನಾರ್ಮಲ್ (ಎರಡೂ ಕಡೆ ಸಮನಾಗಿ ಇಳಿಯುವ ಗಂಟೆಯಾಕಾರದ ವಿತರಣೆ) ಹಾಕಿದರೆ ಕೆಲವರ ಆದಾಯ ಮೈನಸ್ ಬರುತ್ತಿದೆ.

ಉತ್ತರ: ನಾರ್ಮಲ್ ಬೇಡ. ಆದಾಯದ ಬಾಲ ಬಲಕ್ಕೆ ಉದ್ದ, ಅಂದರೆ ಕೆಲವೇ ಮನೆಗಳ ಆದಾಯ ತುಂಬ ಮೇಲೆ. ಲಾಗ್‌ನಾರ್ಮಲ್‌ನಿಂದ ಶುರು ಮಾಡಿ, ಅಂದರೆ ಆದಾಯದ ಲಾಗ್ ನಾರ್ಮಲ್ ಥರ ಇರುತ್ತದೆ ಅಂತ. ಆಮೇಲೆ ಆದಾಯಕ್ಕೆಂದೇ ಬಂದ ಮಾದರಿಗಳಾದ ಸಿಂಗ್-ಮದ್ದಾಲ (1976), ಡಾಗಂ (1977) ಹಾಕಿ ಹೋಲಿಸಿ.

ಅಂಕಿಪ್ರಿಯ: ನನ್ನ ಹತ್ತಿರ ಒಂದೊಂದು ಮನೆಯ ಆದಾಯ ಇಲ್ಲ. ಇಷ್ಟರಿಂದ ಇಷ್ಟರವರೆಗೆ ಎಷ್ಟು ಮನೆ ಅನ್ನುವ ವರ್ಗಗಳಷ್ಟೇ ಇವೆ. ಎಲ್ಲದಕ್ಕೂ ನಡುಬಿಂದು ಹಾಕಿದೆ. ಕೊನೆಯದು '1 ಲಕ್ಷಕ್ಕಿಂತ ಜಾಸ್ತಿ', ಅದಕ್ಕೆ ಒಂದೂವರೆ ಲಕ್ಷ ಅಂದುಕೊಂಡೆ. ಗಿನಿ ಸೂಚ್ಯಂಕ (ಅಸಮಾನತೆಯ ಅಳತೆ) ಬಂತು. ವರದಿಗೆ ಕೊಡಬಹುದಾ?

ಉತ್ತರ: ತಡೆಯಿರಿ, ಕೊಡಬೇಡಿ. ನಡುಬಿಂದು ಹಾಕಿದರೆ ಒಂದು ವರ್ಗದ ಎಲ್ಲ ಮನೆಗಳಿಗೂ ಒಂದೇ ಆದಾಯ ಅಂತಾಯಿತು, ಅಲ್ವಾ? ಒಳಗಿನ ಅಸಮಾನತೆ ಪೂರ್ತಿ ಮಾಯ. ವರ್ಗಗಳು ಕಿರಿದಾಗಿದ್ದರೆ ಅದನ್ನು ಸಹಿಸಬಹುದು. ನನಗೆ ಹೆದರಿಕೆ ಆ ಒಂದೂವರೆ ಲಕ್ಷದ್ದು. ಮೇಲ್ತುದಿ ಪರೇಟೊ (ಆದಾಯ ಇಷ್ಟು ಪಟ್ಟಾದರೆ ಅದನ್ನು ದಾಟಿದ ಮನೆಗಳು ಇಷ್ಟು ಪಟ್ಟು ಕಮ್ಮಿ ಅನ್ನುವ ಮಾದರಿ; ಎಷ್ಟು ಬೇಗ ಕಮ್ಮಿ ಅನ್ನುವುದನ್ನು ಹೇಳುವ ಸಂಖ್ಯೆ ಆಲ್ಫಾ) ಥರ ಇದ್ದರೆ, ಮಿತಿ ದಾಟಿದವರ ಸರಾಸರಿ ಆದಾಯ ಆ ಮಿತಿಯ ಆಲ್ಫಾ/(ಆಲ್ಫಾ−1) ಪಟ್ಟು ಇರುತ್ತದೆ. ಅಂದರೆ ಗೊತ್ತಿಲ್ಲದೆಯೇ ನೀವು ಆಲ್ಫಾ 3 ಅಂತ ಒಪ್ಪಿಕೊಂಡಿದ್ದೀರಿ. ಆಲ್ಫಾ 2 ಆದರೆ ಸರಾಸರಿ 2 ಲಕ್ಷ, 1.5 ಆದರೆ 3 ಲಕ್ಷ, 1.2 ಆದರೆ 6 ಲಕ್ಷ! ಆ ವರ್ಗದಲ್ಲಿ ಕೆಲವೇ ಮನೆಗಳಿದ್ದರೂ ಗಿನಿಯನ್ನು ಕುಣಿಸುವುದು ಅವೇ. ನಡುಬಿಂದು ಬಿಟ್ಟು ಸಿಂಗ್-ಮದ್ದಾಲ ಹಾಕಿ. ಅದರ ಸಂಚಿತ ವಿತರಣೆಗೆ (ಒಂದು ಆದಾಯದೊಳಗೆ ಎಷ್ಟು ಪಾಲು ಮನೆ ಅನ್ನುವುದಕ್ಕೆ) ನೇರ ಸೂತ್ರವಿದೆ, ಹಾಗಾಗಿ ಪ್ರತಿ ವರ್ಗದ ಸಂಭವನೀಯತೆ ಸುಲಭವಾಗಿ ಸಿಗುತ್ತದೆ. ಅದನ್ನಿಟ್ಟುಕೊಂಡು ಎಣಿಕೆಗಳಿಗೆ ಮ್ಯಾಕ್ಸಿಮಮ್ ಲೈಕ್ಲಿಹುಡ್ ಮಾಡಿ, ಅಂದರೆ ನಿಮಗೆ ಸಿಕ್ಕ ಎಣಿಕೆಗಳೇ ಬರುವ ಸಾಧ್ಯತೆ ಅತಿ ಹೆಚ್ಚಾಗುವಂತೆ ಮಾದರಿ ಕೂರಿಸಿ. ಆಲ್ಫಾ ಆಚೀಚೆ ಸರಿಸಿ ನೋಡಿ, ಗಿನಿ ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಆ ವ್ಯಾಪ್ತಿಯನ್ನೇ ವರದಿಯಲ್ಲಿ ಬರೆಯಿರಿ. ಅಂದ ಹಾಗೆ, ಸಮೀಕ್ಷೆಯ ತೂಕಗಳನ್ನು (ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಅನ್ನುವ ಸಂಖ್ಯೆ) ಹಾಕಿದ್ದೀರಾ?

ದತ್ತಾಂಶದಾಸ: ಫಾರ್ವರ್ಡ್ ಬಂದಿದ್ದು: 'ಎಲ್ಲದಕ್ಕೂ 1 ಕೂಡಿಸಿ ಲಾಗ್ ತೆಗೆಯಿರಿ, ಸೊನ್ನೆಯ ಕಾಟ ಇರಲ್ಲ. ಮೇಲಿನ ಶೇ. 1 ಕಿತ್ತುಹಾಕಿ. ಮಾದರಿ ಚೆನ್ನಾಗಿ ಕೂರುತ್ತದೆ.'

ಉತ್ತರ: ಕೂರದ್ದನ್ನೆಲ್ಲ ಎಸೆದ ಮೇಲೆ ಕೂರದೆ ಇನ್ನೇನು! ಅಸಮಾನತೆ ಅಳೆಯಲು ಹೊರಟು ಶ್ರೀಮಂತರನ್ನೇ ತೆಗೆದರೆ ಅಳೆಯುವುದು ಏನನ್ನು? 1 ಕೂಡಿಸುವುದಂತೂ ಇನ್ನೂ ಕೆಟ್ಟದ್ದು. ಅದೇ ಆದಾಯವನ್ನು ಸಾವಿರಗಳಲ್ಲಿ ಬರೆದರೆ ಉತ್ತರವೇ ಬೇರೆ. ಸೊನ್ನೆ ಆದಾಯದ ಮನೆಗಳ ಪಾಲನ್ನು ಬೇರೆ ಇಡಿ, ಉಳಿದವಕ್ಕೆ ಮಾದರಿ ಹಾಕಿ. ಈ ಫಾರ್ವರ್ಡ್ ಮುಂದಕ್ಕೆ ಕಳಿಸಬೇಡಿ.

ಎಂಬತ್ತಿಪ್ಪತ್ತು: ಸುಮ್ನೆ ಇಷ್ಟೆಲ್ಲ ಯಾಕೆ? ಆದಾಯ ಅಂದರೆ ಪರೇಟೊ. ಲಾಗ್-ಲಾಗ್ ಗ್ರಾಫ್‌ನಲ್ಲಿ (ಆದಾಯ, ಅದನ್ನು ದಾಟಿದ ಮನೆಗಳ ಪಾಲು, ಎರಡಕ್ಕೂ ಲಾಗ್) ಗೆರೆ ನೇರ ಬಂದರೆ ಮುಗಿಯಿತು.

ಸಂಶೋಧನಾ ವಿದ್ಯಾರ್ಥಿ: ನೇರ ಬರುವುದು ತುದಿಯಲ್ಲಿ ಮಾತ್ರ. ಪರೇಟೊ ಪ್ರಕಾರ ಅತಿ ಕಡಿಮೆ ಆದಾಯದವರೇ ಅತಿ ಜಾಸ್ತಿ ಇರಬೇಕು, ನಿಜದಲ್ಲಿ ಗುಡ್ಡ ಏಳುವುದು ಅದಕ್ಕಿಂತ ಮೇಲೆ. ಲಾಗ್‌ನಾರ್ಮಲ್‌ನ ತುದಿಯೂ ಸ್ವಲ್ಪ ದೂರ ನೇರವಾಗಿಯೇ ಕಾಣುತ್ತದೆ.

ಎಂಬತ್ತಿಪ್ಪತ್ತು: 80-20, ಅಂದರೆ ಶೇ. 20 ಜನರ ಕೈಯಲ್ಲಿ ಶೇ. 80 ಆದಾಯ, ಲೋಕಕ್ಕೇ ಗೊತ್ತು. ನಿಮಗೊಬ್ಬರಿಗೆ ಗೊತ್ತಿಲ್ಲ.

ಸಂಶೋಧನಾ ವಿದ್ಯಾರ್ಥಿ: ಅದು ಬರಬೇಕಾದರೆ ಆಲ್ಫಾ ಸುಮಾರು 1.16 ಇರಬೇಕು. ಲೆಕ್ಕ ಬಂದರೆ ಹಾಕಿ ನೋಡಿ.

ಎಂಬತ್ತಿಪ್ಪತ್ತು: ಮಾತು ನೆಟ್ಟಗಿರಲಿ.

ಮೌನಿ: ಎರಡು ವರ್ಷದ ಸಮೀಕ್ಷೆ ಹೋಲಿಸುವಾಗ ಬೆಲೆಯೇರಿಕೆ ಕಳೆಯಬೇಕಾ?

ಗಣಕಿ: ಇಬ್ಬರಿರುವ ಮನೆ, ಆರು ಜನರ ಮನೆ, ಹೋಲಿಸುವುದು ಹೇಗೆ?

ಉತ್ತರ: ಆದಾಯವನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ.

ಇನ್ನೊಬ್ಬ ಹೊಸಬ: ನಾರ್ಮಲ್ ಹಾಕಬಹುದಾ ಮೇಡಂ?

ಉತ್ತರ: ಮೇಲೆ ಓದಿ.

ಅಂಕಿಪ್ರಿಯ: ತೂಕ ಹಾಕಿದ್ದೇನೆ. ಆಲ್ಫಾ ಎಲ್ಲಿಂದ ತರಲಿ?

ಉತ್ತರ: ಒರಟು ಅಂದಾಜಿಗೆ ಕೊನೆಯ ಎರಡು ಮಿತಿ ಸಾಕು. 50 ಸಾವಿರದ ಮೇಲೆ 400 ಮನೆ, 1 ಲಕ್ಷದ ಮೇಲೆ 100 ಮನೆ ಅನ್ನಿ. ಮಿತಿ 2 ಪಟ್ಟಾದಾಗ ಮನೆ 4 ಪಟ್ಟು ಕಮ್ಮಿ. 4ರ ಲಾಗ್ ಅನ್ನು 2ರ ಲಾಗ್‌ನಿಂದ ಭಾಗಿಸಿ. ಆಲ್ಫಾ 2.

ಎಂಬತ್ತಿಪ್ಪತ್ತು: ಅಂದರೆ ಪರೇಟೊನೇ ಅಲ್ವಾ? ನಾನು ಹೇಳಿದ್ದೂ ಅದೇ.

ಉತ್ತರ: ತುದಿಗೆ. ಬರೀ ತುದಿಗೆ.

ಮೌನಿ: ಬೆಲೆಯೇರಿಕೆ?